ಗಾಯಾಳುವಿನ ಉಸಿರಿನ ದಾರಿ: ಇನ್ನೂರೈವತ್ತು ವರ್ಷಗಳ ಒಂದು ಪಾಠ



ಇತಿಹಾಸ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ರಾಜರು, ಯುದ್ಧಗಳು, ಒಪ್ಪಂದಗಳು ಮತ್ತು ಪರೀಕ್ಷೆಗಾಗಿ ಬಾಯಿಪಾಠ ಮಾಡಬೇಕಾದ ಇಸವಿಗಳು. ಒಂದು ಸಣ್ಣ ಕೆಲಸವನ್ನು ಸರಿಯಾಗಿ ಮಾಡಲು ಮನುಷ್ಯ ಎಷ್ಟು ಕಾಲ ತೆಗೆದುಕೊಂಡ ಎಂಬುದೂ ಇತಿಹಾಸವೇ. ಅಂಥ ಒಂದು ಕೆಲಸದ ಬಗ್ಗೆ ಈ ಸಲ ಬರೆಯುತ್ತಿದ್ದೇವೆ. ಅಪಘಾತದಲ್ಲಿ ಎಚ್ಚರ ತಪ್ಪಿ ಬಿದ್ದವರ ಉಸಿರಿನ ದಾರಿ ಮುಚ್ಚದಂತೆ ನೋಡಿಕೊಳ್ಳುವ ಕೆಲಸ ಅದು. ಆಸ್ಪತ್ರೆಯ ಒಳಗಿನ ವಿಚಾರ ಇಲ್ಲಿ ಮುಖ್ಯವಲ್ಲ. ಆಸ್ಪತ್ರೆ ತಲುಪುವ ಮೊದಲು ರಸ್ತೆ ಬದಿಯಲ್ಲಿ, ಆಂಬುಲೆನ್ಸಿನಲ್ಲಿ, ಯುದ್ಧಭೂಮಿಯಲ್ಲಿ ಏನಾಗಬೇಕು ಎಂಬುದೇ ಇಲ್ಲಿನ ವಿಷಯ.

ನಾವು ವೈದ್ಯರಲ್ಲ, ಶಾಲಾ ಶಿಕ್ಷಕರು. ಆದರೆ ನಮ್ಮ ಕಾಸರಗೋಡು ಜಿಲ್ಲೆಯನ್ನು ಉದ್ದಕ್ಕೂ ಸೀಳಿಕೊಂಡು ರಾಷ್ಟ್ರೀಯ ಹೆದ್ದಾರಿ 66 ಹೋಗುತ್ತದೆ. ಎಷ್ಟೋ ಮಕ್ಕಳು ಅದನ್ನು ದಾಟಿಯೇ ಶಾಲೆಗೆ ಬರಬೇಕು. ದೊಡ್ಡ ಪೆಟ್ಟಾದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ನೆನೆಯುವುದು ಮಂಗಳೂರನ್ನು. ಕಾಸರಗೋಡು ಪೇಟೆಯಿಂದ ಅದು ಸುಮಾರು 50 ಕಿಲೋಮೀಟರ್ ದೂರ. ಒಳನಾಡಿನ ಊರುಗಳಿಂದ ಇನ್ನೂ ದೂರ. ಆ ದಾರಿಯ ಹೊತ್ತಿನಲ್ಲಿ ಗಾಯಾಳುವಿನ ಉಸಿರು ಯಾರ ಕೈಯಲ್ಲಿದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕೆಳಗಿನ ಕಥೆ.

ಮೊದಲು ಸ್ವಲ್ಪ ವಿಜ್ಞಾನ

ಎಚ್ಚರವಿರುವ ಮನುಷ್ಯನ ನಾಲಿಗೆ, ದವಡೆ, ಗಂಟಲಿನ ಸ್ನಾಯುಗಳು ಬಿಗಿಯಾಗಿರುತ್ತವೆ. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದರೆ ಅವು ಸಡಿಲವಾಗುತ್ತವೆ. ಆಗ ವ್ಯಕ್ತಿ ಅಂಗಾತ ಬಿದ್ದಿದ್ದರೆ ಕೆಳದವಡೆ ಹಿಂದಕ್ಕೆ ಸರಿದು, ನಾಲಿಗೆಯ ಬುಡ ಗಂಟಲಿನ ಹಿಂಗೋಡೆಗೆ ಒತ್ತಿಕೊಳ್ಳುತ್ತದೆ. ಉಸಿರಿನ ದಾರಿ ಅಲ್ಲಿಗೆ ಮುಚ್ಚುತ್ತದೆ. ಇದಲ್ಲದೆ ಬಾಯಿಯೊಳಗಿನ ರಕ್ತ, ವಾಂತಿ, ಮುರಿದ ಹಲ್ಲು ಇವೂ ಅಡ್ಡ ಬರುತ್ತವೆ. ಆಮ್ಲಜನಕ ಸಿಗದೆ ನಾಲ್ಕೈದು ನಿಮಿಷ ಕಳೆದರೆ ಮೆದುಳಿಗೆ ಹಾನಿ ಶುರುವಾಗುತ್ತದೆ.

ಇಲ್ಲಿ ಒಂದು ಮಾತನ್ನು ಎಲ್ಲರೂ ತಿಳಿದಿರಬೇಕು. ಅಪಘಾತದ ಸ್ಥಳದಲ್ಲಿ ಎಚ್ಚರ ತಪ್ಪಿದವರು ಗೊರಕೆ ಹೊಡೆದಂತೆ ಸದ್ದು ಮಾಡುತ್ತಿದ್ದರೆ "ಪಾಪ, ನಿದ್ದೆ ಬಂದಿದೆ" ಎಂದುಕೊಳ್ಳಬಾರದು. ಉಸಿರಿನ ದಾರಿ ಅರ್ಧ ಮುಚ್ಚಿದೆ ಎಂದು ಅದರ ಅರ್ಥ. ಪೂರ್ತಿ ಮುಚ್ಚಿದಾಗ ಸದ್ದೇ ಇರುವುದಿಲ್ಲ. ಎದೆ, ಹೊಟ್ಟೆ ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗುತ್ತಿರುವುದಿಲ್ಲ!

ತಿದಿ ಊದಿದ ಕಾಲ

1767ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ನೀರಿಗೆ ಬಿದ್ದವರನ್ನು ಬದುಕಿಸುವುದಕ್ಕೆಂದೇ ಒಂದು ಸಂಘ ಹುಟ್ಟಿತು. ಆ ನಗರದ ತುಂಬ ಕಾಲುವೆಗಳು, ಹಾಗಾಗಿ ಮುಳುಗಿ ಸಾಯುವವರೂ ಬಹಳ. 1774ರಲ್ಲಿ ಲಂಡನ್ನಿನಲ್ಲಿಯೂ ಅಂಥದೇ ಒಂದು ಸಂಘ ಆರಂಭವಾಯಿತು. ಉಸಿರು ನಿಂತವರಿಗೆ ಕಮ್ಮಾರನ ತಿದಿಯಂಥ ಸಾಧನದಿಂದ ಗಾಳಿ ಊದುವುದು ಆಗಿನ ಉಪಾಯಗಳಲ್ಲಿ ಒಂದು. ಆದರೆ ತಿದಿಯ ರಭಸಕ್ಕೆ ಶ್ವಾಸಕೋಶವೇ ಒಡೆದು ಪ್ರಾಣ ಹೋಗಬಹುದು ಎಂದು ಫ್ರಾನ್ಸಿನ ಲೆರ್ವಾ ಎಂಬ ವೈದ್ಯರು 1820ರ ದಶಕದ ಕೊನೆಯಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ತಿದಿ ಮೂಲೆ ಸೇರಿತು. ಅದರ ಜೊತೆಗೆ ಗಾಳಿ ಊದುವ ವಿಚಾರವೂ ಬಹಳ ಕಾಲ ಮೂಲೆ ಸೇರಿತು.

ನಾಲಿಗೆಯ ಸಂಗತಿಯನ್ನು ಸ್ಪಷ್ಟವಾಗಿ ಹೇಳಿದವರಲ್ಲಿ ಇಂಗ್ಲೆಂಡಿನ ಮಾರ್ಷಲ್ ಹಾಲ್ ಮುಖ್ಯರು. 1856ರಲ್ಲಿ ಅವರು, ಅಂಗಾತ ಮಲಗಿಸಿದರೆ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚುತ್ತದೆ, ಆದ್ದರಿಂದ ಮೈಯನ್ನು ಕವುಚಿ ಮಲಗಿಸಿ, ಮಗ್ಗುಲಿಗೆ ಹೊರಳಿಸಿ, ಮತ್ತೆ ಕವುಚಿ ಹಾಕಬೇಕು ಎಂದರು. ಎರಡೇ ವರ್ಷಗಳಲ್ಲಿ, ಅಂದರೆ 1858ರಲ್ಲಿ, ಸಿಲ್ವೆಸ್ಟರ್ ಎಂಬ ಇನ್ನೊಬ್ಬ ಆಂಗ್ಲ ವೈದ್ಯರು ಅಂಗಾತ ಮಲಗಿಸಿ ಎರಡೂ ತೋಳುಗಳನ್ನು ತಲೆಯ ಮೇಲಕ್ಕೆತ್ತಿ ಇಳಿಸುವ ವಿಧಾನ ತಂದರು. ಜನ ಆ ಕಡೆಗೂ ವಾಲಿದರು. ಅಲ್ಲಿಂದ ಮುಂದೆ ಸುಮಾರು ನೂರು ವರ್ಷಗಳ ಕಾಲ ಚರ್ಚೆಯೆಲ್ಲ ಎದೆಯನ್ನು ಹೇಗೆ ಒತ್ತಬೇಕು, ಕೈಯನ್ನು ಹೇಗೆ ಎತ್ತಬೇಕು ಎಂಬುದರ ಸುತ್ತಲೇ ತಿರುಗಿತು. ಗಂಟಲಿನ ದಾರಿ ತೆರೆದಿದೆಯೇ ಎಂದು ನೋಡುವುದು ಹಿಂದೆ ಬಿತ್ತು.

ದವಡೆ ಎತ್ತಿದ ಕೈ

1847ರಿಂದ ಶಸ್ತ್ರಚಿಕಿತ್ಸೆಯಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂತು. ಎಚ್ಚರ ತಪ್ಪಿದ ರೋಗಿಗಳು ಮೇಜಿನ ಮೇಲೆಯೇ ಉಸಿರುಗಟ್ಟಿ ನೀಲಿಯಾಗುವುದನ್ನು ವೈದ್ಯರು ಕಣ್ಣಾರೆ ಕಂಡರು. ಆಗ ಒಂದು ಸರಳ ಉಪಾಯ ಬಳಕೆಗೆ ಬಂತು. ಕಿವಿಯ ಕೆಳಗೆ ದವಡೆ ತಿರುಗುವ ಮೂಲೆಯಲ್ಲಿ ಬೆರಳಿಟ್ಟು ಕೆಳದವಡೆಯನ್ನು ಮುಂದಕ್ಕೆ ತಳ್ಳಬೇಕು. ದವಡೆಯ ಜೊತೆ ನಾಲಿಗೆಯೂ ಮುಂದೆ ಬರುತ್ತದೆ, ದಾರಿ ತೆರೆಯುತ್ತದೆ. 1870ರ ದಶಕದಲ್ಲಿ ಇದನ್ನು ಬರೆದು ಪ್ರಚಾರ ಮಾಡಿದವರು ನಾರ್ವೆಯ ಹೈಬರ್ಗ್ ಮತ್ತು ಜರ್ಮನಿಯ ಎಸ್ಮಾರ್ಕ್. ಅವರಿಬ್ಬರ ಹೆಸರಿನಲ್ಲಿಯೇ ಈ ಕ್ರಮ ಪ್ರಸಿದ್ಧವಾಯಿತು. ಇಂದಿಗೂ ಆಂಬುಲೆನ್ಸ್ ಸಿಬ್ಬಂದಿ ಕಲಿಯುವ ಮೊದಲ ಪಾಠಗಳಲ್ಲಿ ಇದೊಂದು.

ಎಸ್ಮಾರ್ಕ್ ಸೈನ್ಯದಲ್ಲಿ ದುಡಿದ ಶಸ್ತ್ರವೈದ್ಯರು. ಗಾಯಾಳುವಿನ ಹಣೆಬರಹ ಮೊದಲು ಮುಟ್ಟಿದವರ ಕೈಯಲ್ಲಿದೆ ಎಂದು ಅವರು ಅನುಭವದಿಂದ ಬಲ್ಲವರು. 1882ರಲ್ಲಿ ಕೀಲ್ ನಗರದಲ್ಲಿ ಸಾಮಾನ್ಯ ಜನರಿಗೆ ಪ್ರಥಮ ಚಿಕಿತ್ಸೆ ಕಲಿಸುವ ಶಾಲೆಯನ್ನೇ ತೆರೆದರು. ದವಡೆ ಎತ್ತುವ ಕ್ರಮಕ್ಕೆ ಹೆಸರು ಕೊಟ್ಟವರೇ ಜನರಿಗೆ ಕಲಿಸುವ ಶಾಲೆಯನ್ನೂ ತೆರೆದದ್ದು ಶಿಕ್ಷಕರಾದ ನಮಗೆ ಬಹಳ ಹಿಡಿಸಿದ ಸಂಗತಿ.

ನಳಿಕೆ ಬಂತು, ಆಸ್ಪತ್ರೆಯಲ್ಲೇ ಉಳಿಯಿತು

ಇದೇ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆಯಿತು. 1878ರಲ್ಲಿ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ವಿಲಿಯಂ ಮೆಕೀವನ್, ನಾಲಿಗೆಯ ಬುಡದಲ್ಲಿ ಗಡ್ಡೆಯಿದ್ದ ರೋಗಿಯ ಬಾಯಿಯ ಮೂಲಕ ಶ್ವಾಸನಾಳಕ್ಕೆ ನಳಿಕೆ ಇಳಿಸಿ, ಅದರ ಮೂಲಕವೇ ಅರಿವಳಿಕೆ ಕೊಡಿಸಿದರು. 1885ರ ಹೊತ್ತಿಗೆ ನ್ಯೂಯಾರ್ಕಿನ ಜೋಸೆಫ್ ಓ'ಡ್ವಯರ್ ಗಂಟಲಮಾರಿಯಿಂದ ಉಸಿರುಗಟ್ಟುತ್ತಿದ್ದ ಮಕ್ಕಳ ಗಂಟಲಿಗೆ ಪುಟ್ಟ ಲೋಹದ ನಳಿಕೆ ಇಟ್ಟು ಬದುಕಿಸತೊಡಗಿದರು. ಅದಕ್ಕೂ ಮೊದಲು ಇದ್ದ ಉಪಾಯ ಕತ್ತಿನಲ್ಲಿ ಕೊಯ್ದು ಶ್ವಾಸನಾಳಕ್ಕೆ ದಾರಿ ಮಾಡುವುದು. ಅದು ಬಹು ಹಳೆಯದು, ಆದರೆ ಎಲ್ಲರ ಕೈಗೂ ದಕ್ಕುವಂಥದ್ದಲ್ಲ. ಈ ಜಾಣ್ಮೆಗಳೆಲ್ಲ ದೊಡ್ಡ ಆಸ್ಪತ್ರೆಗಳ ಗೋಡೆಗಳ ನಡುವೆ ಬೆಳೆದವು. ಬೀದಿಯಲ್ಲಿ ಬಿದ್ದವರಿಗೆ ಅವು ಇನ್ನೂ ತಲುಪಿರಲಿಲ್ಲ.

ಕಂದಕದಲ್ಲಿ ಕಲಿತದ್ದು

ಮೊದಲ ಮಹಾಯುದ್ಧದಲ್ಲಿ ಸೈನಿಕರು ಕಂದಕಗಳಲ್ಲಿ ನಿಂತು ಹೋರಾಡಿದರು. ಕಂದಕದಿಂದ ತಲೆ ಹೊರಗೆ ಕಂಡರೆ ಸಾಕು, ಗುಂಡು ಬರುತ್ತಿತ್ತು. ಹೀಗಾಗಿ ಮುಖ, ದವಡೆಯ ಗಾಯಗಳು ಹಿಂದೆಂದೂ ಕಾಣದಷ್ಟಾದವು. ಬ್ರಿಟಿಷ್ ಸೈನ್ಯದಲ್ಲಿ ವಿಲಿಯಂ ಕೆಲ್ಸೀ ಫ್ರೈ ಎಂಬ ವೈದ್ಯರಿದ್ದರು, ದಂತವೈದ್ಯವನ್ನೂ ಕಲಿತವರು. ದವಡೆ ಒಡೆದುಹೋಗಿ ನಾಲಿಗೆಗೆ ಆಧಾರವೇ ಇಲ್ಲದಿದ್ದ ಒಬ್ಬ ಸೈನಿಕನನ್ನು ಅವರು ತಲೆ ಮುಂದಕ್ಕೆ ಬಾಗಿಸಿಯೇ ಹಿಂದಿನ ಶುಶ್ರೂಷಾ ಠಾಣೆಯವರೆಗೆ ನಡೆಸಿಕೊಂಡು ಹೋದರು. ಅಷ್ಟು ದೂರ ಆತ ಚೆನ್ನಾಗಿಯೇ ಉಸಿರಾಡಿದ. ಅಲ್ಲಿ ಒಪ್ಪಿಸಿ ಅವರು ಮರಳಿದ ಮೇಲೆ ಉಳಿದವರು ಅವನನ್ನು ಪದ್ಧತಿಯಂತೆ ಸ್ಟ್ರೆಚರಿನ ಮೇಲೆ ಅಂಗಾತ ಮಲಗಿಸಿದರು. ಸ್ವಲ್ಪ ಹೊತ್ತಿನಲ್ಲೇ ಆತ ಉಸಿರುಗಟ್ಟಿ ಸತ್ತ. ಅವನನ್ನು ಕೊಂದದ್ದು ಗುಂಡಲ್ಲ, ಮಲಗಿಸಿದ ರೀತಿ!

ಈ ಘಟನೆಯನ್ನು ಫ್ರೈ ಮರೆಯಲಿಲ್ಲ. ಮುಖ ಗಾಯಗೊಂಡವರನ್ನು ಮುಂದಕ್ಕೆ ಬಾಗಿ ಕೂತ ಭಂಗಿಯಲ್ಲಿ ಅಥವಾ ಮುಖ ಕೆಳಗೆ ಮಾಡಿ ಸಾಗಿಸಬೇಕು ಎಂಬ ಪಾಠವನ್ನು ಅವರು ಮುಂದೆ ಎಲ್ಲರಿಗೂ ಹೇಳಿದರು. ಬಳಿಕ ಅವರು ಪ್ಲಾಸ್ಟಿಕ್ ಸರ್ಜರಿಯ ಹಿರಿಯ ಹೆರಾಲ್ಡ್ ಗಿಲೀಸ್ ಅವರ ಜೊತೆ ದುಡಿದರು. 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್ ಎಂಬಲ್ಲಿ ಮುಖದ ಗಾಯಗಳಿಗೆಂದೇ ಆಸ್ಪತ್ರೆ ತೆರೆಯಿತು. ಮುಖದ ಮೇಲೆ ಶಸ್ತ್ರಚಿಕಿತ್ಸೆ ಮಾಡುವಾಗ ಅದೇ ಮುಖದ ಮೇಲೆ ಅರಿವಳಿಕೆಯ ಮುಖವಾಡ ಇಡುವುದು ಹೇಗೆ? ಈ ತೊಡಕಿನಿಂದಲೇ ಐವನ್ ಮೆಗಿಲ್ ಮತ್ತು ಅವರ ಸಹೋದ್ಯೋಗಿ ರೌಬೋಥಮ್, ಶ್ವಾಸನಾಳಕ್ಕೆ ರಬ್ಬರ್ ನಳಿಕೆ ಇಳಿಸುವ ವಿಧಾನವನ್ನು ಹದಕ್ಕೆ ತಂದರು. ಮೆಗಿಲ್ ಹೆಸರಿನ ಇಕ್ಕಳ ಇಂದಿಗೂ ಆಂಬುಲೆನ್ಸುಗಳಲ್ಲಿ ಇರುತ್ತದೆ.

ಬಾಲ್ಟಿಮೋರಿನ ಪ್ರಯೋಗ

1903ರಲ್ಲಿ ಬ್ರಿಟನ್ನಿನ ಶೇಫರ್, ಕವುಚಿ ಮಲಗಿಸಿ ಬೆನ್ನಿನ ಕೆಳಭಾಗ ಒತ್ತುವ ವಿಧಾನ ಹೇಳಿದರು. 1932ರಲ್ಲಿ ಡೆನ್ಮಾರ್ಕಿನ ಹೋಲ್ಗರ್ ನೀಲ್ಸನ್, ಬೆನ್ನು ಒತ್ತಿ ತೋಳು ಎತ್ತುವ ವಿಧಾನ ತಂದರು. ಪ್ರಥಮ ಚಿಕಿತ್ಸೆಯ ಪುಸ್ತಕಗಳಲ್ಲಿ ಬಹಳ ಕಾಲ ಇವುಗಳದೇ ಚಿತ್ರ.

ಅಮೆರಿಕದ ಜೇಮ್ಸ್ ಈಲಮ್ 1946ರಲ್ಲಿ ಪೋಲಿಯೋ ವಾರ್ಡಿನಲ್ಲಿ ಉಸಿರು ನಿಂತು ನೀಲಿಯಾಗಿದ್ದ ಮಗುವಿನ ಮೂಗಿಗೆ ತಮ್ಮ ಬಾಯಿಂದಲೇ ಗಾಳಿ ಊದಿ ಬದುಕಿಸಿದ್ದರು. ನಾವು ಹೊರಬಿಡುವ ಉಸಿರಿನಲ್ಲಿಯೂ ಸುಮಾರು 16 ಶೇಕಡಾ ಆಮ್ಲಜನಕ ಉಳಿದಿರುತ್ತದೆ. ಇನ್ನೊಬ್ಬರನ್ನು ಬದುಕಿಸಲು ಅಷ್ಟು ಸಾಕು ಎಂದು ಅವರು ಮುಂದೆ ಅಳೆದು ತೋರಿಸಿದರು. 1956ರ ಅಕ್ಟೋಬರಿನಲ್ಲಿ ಕ್ಯಾನ್ಸಸ್ ಸಿಟಿಯ ಸಮ್ಮೇಳನ ಮುಗಿಸಿ ಮರಳುವಾಗ ಈಲಮ್ ಮತ್ತು ಅರಿವಳಿಕೆ ತಜ್ಞ ಪೀಟರ್ ಸಫರ್ ಒಂದೇ ಕಾರಿನಲ್ಲಿ ಪಯಣಿಸಿದರು. ದಾರಿಯುದ್ದದ ಆ ಮಾತುಕತೆಯಿಂದ ಬಾಲ್ಟಿಮೋರಿನ ಪ್ರಯೋಗಗಳು ಹುಟ್ಟಿದವು.

ಸಫರ್ ಅವರ ಪ್ರಯೋಗ ಇಂದು ಓದಿದರೂ ಮೈ ಜುಮ್ಮೆನ್ನುತ್ತದೆ. ಸ್ವಯಂಸೇವಕರಾಗಿ ಬಂದವರಿಗೆ ಔಷಧ ಕೊಟ್ಟು ಸ್ನಾಯುಗಳು ಕೆಲಸ ಮಾಡದಂತೆ, ತಾವಾಗಿ ಉಸಿರಾಡದಂತೆ ಮಾಡಿದರು. ಬಳಿಕ ಬೇರೆ ಬೇರೆ ವಿಧಾನಗಳಿಂದ ಅವರಿಗೆ ಉಸಿರು ಕೊಟ್ಟು, ಎಷ್ಟು ಗಾಳಿ ಒಳಹೋಗುತ್ತದೆ ಎಂದು ಅಳೆದರು. ಉಸಿರು ಊದಲು ಬಂದವರಲ್ಲಿ ಯಾವ ತರಬೇತಿಯೂ ಇಲ್ಲದ ಸಾಮಾನ್ಯ ಜನರೂ ಇದ್ದರು. ಫಲಿತಾಂಶ ಏನು? ಬೆನ್ನು ಒತ್ತುವ, ತೋಳು ಎತ್ತುವ ವಿಧಾನಗಳಲ್ಲಿ ಎಷ್ಟೋ ಸಲ ಗಾಳಿ ಸಾಕಷ್ಟು ಒಳಗೇ ಹೋಗುತ್ತಿರಲಿಲ್ಲ. ಕಾರಣ ಅದೇ ನಾಲಿಗೆ! ತಲೆಯನ್ನು ಹಿಂದಕ್ಕೆ ಬಾಗಿಸಿ ದವಡೆಯನ್ನು ಮುಂದಕ್ಕೆ ಎಳೆದರೆ ದಾರಿ ತೆರೆಯುತ್ತಿತ್ತು, ಬಾಯಿಂದ ಊದಿದ ಗಾಳಿ ಸರಾಗ ಒಳಹೋಗುತ್ತಿತ್ತು. 1958ರಲ್ಲಿ ಇದು ಪ್ರಕಟವಾಯಿತು. ಮಾರ್ಷಲ್ ಹಾಲ್ ನಾಲಿಗೆಯ ಬಗ್ಗೆ ಎಚ್ಚರಿಸಿ ಆಗಲೇ ನೂರೆರಡು ವರ್ಷಗಳಾಗಿದ್ದವು.

ಈ ಪಾಠವನ್ನು ಕಲಿಸಲು ಗೊಂಬೆ ಬೇಕಿತ್ತು. ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ 1960ರಲ್ಲಿ ಅಂಥ ಗೊಂಬೆ ಮಾಡಿಕೊಟ್ಟರು. ತಲೆ ಹಿಂದಕ್ಕೆ ಬಾಗಿಸದಿದ್ದರೆ ಅದರ ಎದೆ ಮೇಲೇಳದು. ಪಾಠೋಪಕರಣ ಎಂದರೆ ಹೀಗಿರಬೇಕು! ಡೆನ್ಮಾರ್ಕಿನ ಹೆನ್ನಿಂಗ್ ರೂಬೆನ್ 1956ರಲ್ಲಿ ರೂಪಿಸಿದ, ಹಿಂಡಿದರೆ ಗಾಳಿ ಹೋಗಿ ಬಿಟ್ಟರೆ ತಾನೇ ಉಬ್ಬುವ ಚೀಲವೂ ಇದೇ ಕಾಲದ್ದು. ಮುಖವಾಡಕ್ಕೆ ಸಿಕ್ಕಿಸಿದ ಆ ಚೀಲ ಇಂದು ಪ್ರಪಂಚದ ಎಲ್ಲ ಕಡೆ ಆಂಬುಲೆನ್ಸುಗಳಲ್ಲಿ ಕಾಣುತ್ತದೆ.

ಪಿಟ್ಸ್‌ಬರ್ಗಿನ ಫ್ರೀಡಂ ಹೌಸ್

ವಿದ್ಯೆ ಸಿಕ್ಕಿತು, ಆದರೆ ಅದನ್ನು ರಸ್ತೆಗೆ ಒಯ್ಯುವವರು ಯಾರು? 1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅಪಘಾತದ ಸಾವುಗಳ ಬಗ್ಗೆ ಒಂದು ವರದಿ ಹೊರತಂದಿತು. ಆ ದೇಶದ ಆಂಬುಲೆನ್ಸ್ ಸೇವೆಯ ಸುಮಾರು ಅರ್ಧದಷ್ಟನ್ನು ಶವಸಂಸ್ಕಾರದ ಅಂಗಡಿಯವರು ನಡೆಸುತ್ತಿದ್ದಾರೆ ಎಂದು ಅದರಲ್ಲಿತ್ತು. ಮಲಗಿಸಿ ಒಯ್ಯಬಲ್ಲ ಉದ್ದನೆಯ ಗಾಡಿ ಇದ್ದದ್ದು ಅವರ ಬಳಿ, ಅಷ್ಟೇ ಕಾರಣ!

ಅದೇ ವರ್ಷ ಸಫರ್ ಅವರ ಮಗಳು ಅಸ್ತಮಾದ ತೀವ್ರ ದಾಳಿಯಿಂದ ತೀರಿಕೊಂಡಳು. ಪ್ರಪಂಚಕ್ಕೆ ಉಸಿರು ಕೊಡುವುದನ್ನು ಕಲಿಸಿದವರ ಮನೆಯಲ್ಲಿಯೇ ಹೀಗಾಯಿತು. ಆಸ್ಪತ್ರೆಗೆ ಮುಂಚಿನ ಚಿಕಿತ್ಸೆಯನ್ನು ಸರಿಪಡಿಸುವ ಕೆಲಸಕ್ಕೆ ಅವರು ಇನ್ನಷ್ಟು ಗಟ್ಟಿಯಾಗಿ ಇಳಿದರು. 1967ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಫ್ರೀಡಂ ಹೌಸ್ ಎಂಬ ಆಂಬುಲೆನ್ಸ್ ಸೇವೆ ರೂಪುಗೊಂಡಿತು. ಕಪ್ಪು ಜನರು ಹೆಚ್ಚಾಗಿದ್ದ ಬಡ ಬಡಾವಣೆಯ, ಕೆಲಸವಿಲ್ಲದೆ ಅಲೆಯುತ್ತಿದ್ದ ಯುವಕರನ್ನು ಆರಿಸಿ ಸುಮಾರು 300 ಗಂಟೆಗಳ ತರಬೇತಿ ಕೊಟ್ಟರು. ಅವರಲ್ಲಿ ಕೆಲವರು ಹೈಸ್ಕೂಲು ಕೂಡ ಮುಗಿಸಿರಲಿಲ್ಲ. ಉಸಿರಿನ ದಾರಿ ತೆರೆಯುವುದು, ಚೀಲದಿಂದ ಉಸಿರು ಕೊಡುವುದು, ಮುಂದೆ ಶ್ವಾಸನಾಳಕ್ಕೆ ನಳಿಕೆ ಇಳಿಸುವುದು ಇವೆಲ್ಲವನ್ನೂ ಅವರು ಬೀದಿಯಲ್ಲಿ ಮಾಡಿ ತೋರಿಸಿದರು. 1974ರಿಂದ ಅವರಿಗೆ ಮಾರ್ಗದರ್ಶಕಿಯಾಗಿದ್ದ ವೈದ್ಯೆ ನ್ಯಾನ್ಸಿ ಕ್ಯಾರೊಲೈನ್, ಮುಂದೆ 1979ರಲ್ಲಿ ಆಂಬುಲೆನ್ಸ್ ಸಿಬ್ಬಂದಿಗೆಂದೇ ಪ್ರಸಿದ್ಧ ಪಠ್ಯಪುಸ್ತಕ ಬರೆದರು.

1975ರಲ್ಲಿ ನಗರಾಡಳಿತ ತನ್ನದೇ ಸೇವೆ ಆರಂಭಿಸಿ ಫ್ರೀಡಂ ಹೌಸನ್ನು ಮುಚ್ಚಿತು. ಅಷ್ಟು ದುಡಿದವರಲ್ಲಿ ಅನೇಕರು ಹೊಸ ವ್ಯವಸ್ಥೆಯಲ್ಲಿ ಮೂಲೆಗುಂಪಾದರು. ಆದರೆ ಅವರು ತೋರಿಸಿದ್ದು ಉಳಿಯಿತು. ಸರಿಯಾಗಿ ಕಲಿಸಿದರೆ, ದಿನಾ ಅಭ್ಯಾಸ ಮಾಡಿಸಿದರೆ, ದೊಡ್ಡ ಪದವಿ ಇಲ್ಲದವರೂ ಜೀವ ಉಳಿಸಬಲ್ಲರು. "ಈ ಮಕ್ಕಳಿಂದ ಆಗದು" ಎಂದು ಯಾರಾದರೂ ಹೇಳಿದಾಗ ನಮಗೆ ಫ್ರೀಡಂ ಹೌಸ್ ನೆನಪಾಗುತ್ತದೆ.

ಉಪಕರಣಗಳ ಸಾಲು

ಇಂದು ಆಂಬುಲೆನ್ಸಿನಲ್ಲಿರುವ ದಾರಿಗಳನ್ನು ಮೆಟ್ಟಿಲಿನಂತೆ ಜೋಡಿಸಿ ನೋಡಬಹುದು.

ಮೊದಲ ಮೆಟ್ಟಿಲು ಬರಿಗೈ. ಗದ್ದ ಎತ್ತುವುದು, ದವಡೆ ಮುಂದೆ ತಳ್ಳುವುದು, ಬಾಯಿಯ ರಕ್ತ ಹೀರಿ ತೆಗೆಯುವುದು. ಕುತ್ತಿಗೆಗೆ ಪೆಟ್ಟಾಗಿರುವ ಸಂಶಯವಿದ್ದರೆ ತಲೆ ಬಾಗಿಸದೆ ದವಡೆಯನ್ನಷ್ಟೇ ತಳ್ಳುವುದು. 1976ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಜೇಮ್ಸ್ ಸ್ಟೈನರ್ ಎಂಬ ವೈದ್ಯರ ಸಣ್ಣ ವಿಮಾನ ಅಪಘಾತಕ್ಕೀಡಾಗಿ, ಪತ್ನಿ ತೀರಿಕೊಂಡು, ಮಕ್ಕಳು ಗಾಯಗೊಂಡರು. ಅಲ್ಲಿ ಸಿಕ್ಕ ಚಿಕಿತ್ಸೆಯ ಕೊರತೆ ಕಂಡು ಅವರು ಸಹೋದ್ಯೋಗಿಗಳೊಂದಿಗೆ ಗಾಯಾಳು ಚಿಕಿತ್ಸೆಯ ತರಬೇತಿ ಕ್ರಮವೊಂದನ್ನು ರೂಪಿಸಿದರು. 1978ರಲ್ಲಿ ಮೊದಲ ತರಗತಿ ನಡೆಯಿತು. ಎ, ಬಿ, ಸಿ ಎಂಬ ಅದರ ಕ್ರಮದಲ್ಲಿ ಮೊದಲ ಅಕ್ಷರವೇ ಉಸಿರಿನ ದಾರಿ, ಜೊತೆಗೆ ಕುತ್ತಿಗೆಯ ಮೂಳೆಯ ರಕ್ಷಣೆ.

ಎರಡನೆಯ ಮೆಟ್ಟಿಲು ನಾಲಿಗೆಯನ್ನು ತಡೆಯುವ ಸಣ್ಣ ಸಾಧನಗಳು. 1933ರಲ್ಲಿ ಆರ್ಥರ್ ಗೆಡೆಲ್ ರೂಪಿಸಿದ ಬಾಯಿಯ ಬಾಗು ನಳಿಕೆ, ಮತ್ತು ಮೂಗಿನ ಮೂಲಕ ಗಂಟಲಿಗಿಳಿಸುವ ಮೆತ್ತನೆಯ ನಳಿಕೆ. ಮೂರನೆಯದು ಮುಖವಾಡ ಮತ್ತು ಚೀಲ. ನಾಲ್ಕನೆಯದು ಬ್ರಿಟನ್ನಿನ ಆರ್ಚಿ ಬ್ರೇನ್ 1981ರಲ್ಲಿ ಮೊದಲು ಪ್ರಯೋಗಿಸಿದ, 1988ರಲ್ಲಿ ಮಾರುಕಟ್ಟೆಗೆ ಬಂದ ಸಾಧನ. ಧ್ವನಿಪೆಟ್ಟಿಗೆಯ ಬಾಯಿಯ ಮೇಲೆ ಮುಚ್ಚಳದಂತೆ ಕೂರುವ ಇದನ್ನು ಶ್ವಾಸನಾಳ ಕಣ್ಣಿಗೆ ಕಾಣದಿದ್ದರೂ ಹಾಕಬಹುದು. ಐದನೆಯದು ಶ್ವಾಸನಾಳದೊಳಗೇ ಇಳಿಸುವ ನಳಿಕೆ. ಕೊನೆಯದು, ಬೇರೆಲ್ಲ ದಾರಿ ಮುಚ್ಚಿದಾಗ ಗಂಟಲಮಣಿಯ ಕೆಳಗಿನ ತೆಳುಪೊರೆಯನ್ನು ಕೊಯ್ದು ದಾರಿ ಮಾಡುವುದು. ಕತ್ತಿನ ಮೇಲ್ಭಾಗದಲ್ಲಿ ಕೊಯ್ಯುವುದರಿಂದ ಮುಂದೆ ಧ್ವನಿಪೆಟ್ಟಿಗೆ ಕುಗ್ಗುತ್ತದೆ ಎಂದು 1921ರಲ್ಲಿ ಅಮೆರಿಕದ ಶೆವಾಲಿಯರ್ ಜಾಕ್ಸನ್ ಬಲವಾಗಿ ವಿರೋಧಿಸಿದ್ದರು. 1976ರಲ್ಲಿ ಬ್ರ್ಯಾಂಟಿಗನ್ ಮತ್ತು ಗ್ರೋ 655 ರೋಗಿಗಳ ಅನುಭವ ಪ್ರಕಟಿಸಿ ಆ ಭಯವನ್ನು ಕಡಿಮೆ ಮಾಡಿದರು. ನುರಿತವರ ಹೊರತು ಬೇರೆಯವರು ಯೋಚಿಸಲೂ ಬಾರದ ಮೆಟ್ಟಿಲು ಇದು.

ಹಾಗಾದರೆ ಮೇಲಿನ ಮೆಟ್ಟಿಲೇ ಒಳ್ಳೆಯದಲ್ಲವೇ? ಆಂಬುಲೆನ್ಸಿನ ಎಲ್ಲರೂ ಶ್ವಾಸನಾಳಕ್ಕೆ ನಳಿಕೆ ಇಳಿಸಿಬಿಟ್ಟರೆ ಆಯಿತಲ್ಲ? ಪ್ರಪಂಚ ಬಹಳ ಕಾಲ ಹಾಗೆಯೇ ನಂಬಿತ್ತು. ಅಳೆದು ನೋಡಿದಾಗ ಚಿತ್ರ ಬೇರೆಯಾಯಿತು. ಕ್ಯಾಲಿಫೋರ್ನಿಯದಲ್ಲಿ 830 ಮಕ್ಕಳ ಮೇಲೆ ನಡೆದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಚೀಲ-ಮುಖವಾಡದಿಂದ ಉಸಿರು ಕೊಟ್ಟ ಗುಂಪಿಗಿಂತ ನಳಿಕೆ ಹಾಕುವ ಕ್ರಮದ ಗುಂಪಿನಲ್ಲಿ ಹೆಚ್ಚು ಮಕ್ಕಳೇನೂ ಬದುಕಲಿಲ್ಲ. 2001ರಲ್ಲಿ ಫ್ಲಾರಿಡದಿಂದ ಬಂದ ವರದಿಯಂತೂ ಗಾಬರಿ ಹುಟ್ಟಿಸಿತು. ನಳಿಕೆ ಹಾಕಿಸಿಕೊಂಡು ಆಸ್ಪತ್ರೆಗೆ ಬಂದ 108 ಮಂದಿಯಲ್ಲಿ 27 ಮಂದಿಯ ನಳಿಕೆ ಸರಿಯಾದ ಜಾಗದಲ್ಲಿರಲಿಲ್ಲ. ನಳಿಕೆ ಅನ್ನನಾಳಕ್ಕೆ ಹೋದರೆ ಗಾಳಿ ತುಂಬುವುದು ಹೊಟ್ಟೆಗೆ. 2003ರಲ್ಲಿ ಸ್ಯಾನ್ ಡಿಯಾಗೋದಲ್ಲಿ, ತಲೆಗೆ ತೀವ್ರ ಪೆಟ್ಟಾದವರಿಗೆ ಸ್ಥಳದಲ್ಲೇ ಔಷಧ ಕೊಟ್ಟು ನಳಿಕೆ ಹಾಕಿದಾಗ ಸಾವಿನ ಪ್ರಮಾಣ 33 ಶೇಕಡಾ, ಅಂಥದೇ ಇತರ ರೋಗಿಗಳಲ್ಲಿ 24 ಶೇಕಡಾ ಎಂದು ಕಂಡಿತು. ನಳಿಕೆ ಹಾಕುವ ಹೊತ್ತಿನಲ್ಲಿ ಆಮ್ಲಜನಕ ಇಳಿದದ್ದು, ಹಾಕಿದ ಮೇಲೆ ಅತಿ ವೇಗವಾಗಿ ಉಸಿರು ಕೊಟ್ಟದ್ದು ತೊಂದರೆ ಮಾಡಿದ್ದವು.

ಹಾಗೆಂದು ನಳಿಕೆಯೇ ಕೆಟ್ಟದ್ದು ಎನ್ನಲಾಗದು. 2010ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಿಂದ ಬಂದ 312 ರೋಗಿಗಳ ಅಧ್ಯಯನದಲ್ಲಿ, ಚೆನ್ನಾಗಿ ತರಬೇತಾದ ಸಿಬ್ಬಂದಿ ರಸ್ತೆಯಲ್ಲೇ ನಳಿಕೆ ಹಾಕಿದವರಲ್ಲಿ 51 ಶೇಕಡಾ ಮಂದಿ ಆರು ತಿಂಗಳ ಬಳಿಕ ಉತ್ತಮ ಸ್ಥಿತಿಯಲ್ಲಿದ್ದರು. ಆಸ್ಪತ್ರೆಗೆ ಬಂದ ಮೇಲೆ ಹಾಕಿಸಿಕೊಂಡವರಲ್ಲಿ ಅದು 39 ಶೇಕಡಾ. ಅದೇ ನಳಿಕೆ, ಅದೇ ಬಗೆಯ ಪೆಟ್ಟು, ಎರಡು ಊರುಗಳಲ್ಲಿ ಎರಡು ಫಲ. ಎಷ್ಟು ಕಲಿತಿದ್ದಾರೆ, ಎಷ್ಟು ಅಭ್ಯಾಸವಿದೆ, ನಳಿಕೆ ಸರಿಯಾಗಿ ಕೂತಿದೆಯೇ ಎಂದು ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆದು ನೋಡುತ್ತಾರೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೆಳಗಿನ ಮೆಟ್ಟಿಲು ಭದ್ರವಾದ ಮೇಲೆ ಮೇಲಿನದಕ್ಕೆ ಕಾಲಿಡಬೇಕು. ನಾವು ಕಾಗುಣಿತ ಬಾರದ ಮಗುವಿಗೆ ಪ್ರಬಂಧ ಬರೆಸುತ್ತೇವೆಯೇ?

ಸೈನ್ಯಗಳೂ ಇದೇ ಮಾತಿಗೆ ಮರಳಿದವು. 1996ರಲ್ಲಿ ಅಮೆರಿಕದ ಸೈನಿಕ ವೈದ್ಯರು ರಣರಂಗದ ಶುಶ್ರೂಷೆಗೆ ಹೊಸ ಸೂತ್ರಗಳನ್ನು ಬರೆದರು. ದವಡೆ ಎತ್ತುವುದು, ಮೂಗಿನ ನಳಿಕೆ, ಮಗ್ಗುಲಿಗೆ ಮಲಗಿಸುವುದು ಮೊದಲು. ಅದಾಗದಿದ್ದರೆ ಕತ್ತಿನ ಕೊಯ್ತ. ಎಚ್ಚರವಿರುವ ಗಾಯಾಳುವನ್ನು ಅವನಿಗೆ ಉಸಿರಾಟ ಸುಲಭವಾಗುವ ಭಂಗಿಯಲ್ಲಿ, ಬೇಕಾದರೆ ಮುಂದೆ ಬಾಗಿ ಕೂರಲು ಬಿಡಬೇಕು ಎಂದೂ ಬಳಿಕದ ಸೂತ್ರಗಳಲ್ಲಿ ಸೇರಿತು. ಕೆಲ್ಸೀ ಫ್ರೈ ಕಂದಕದಲ್ಲಿ ಮಾಡಿದ್ದೂ ಅದನ್ನೇ ಅಲ್ಲವೇ?

ನಮ್ಮ ಗಡಿನಾಡಿನಲ್ಲಿ

ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸರಕಾರದ ಲೆಕ್ಕ. 108 ಸೇವೆ 2005ರಲ್ಲಿ ಹೈದರಾಬಾದಿನಲ್ಲಿ ಆರಂಭವಾಯಿತು. ಕರ್ನಾಟಕಕ್ಕೆ 2008ರ ರಾಜ್ಯೋತ್ಸವದಂದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಬಂತು. ನಮ್ಮ ಕೇರಳದಲ್ಲಿ 2019ರಲ್ಲಿ 'ಕನಿವ್ 108' ಎಂಬ ಹೆಸರಿನಲ್ಲಿ ರಾಜ್ಯದಾದ್ಯಂತ ವಿಸ್ತರಿಸಿತು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯ ಗಡಿ ಮುಚ್ಚಿ, ರೋಗಿಗಳ ವಾಹನಗಳ ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದದ್ದು ನಮ್ಮವರಿಗೆಲ್ಲ ನೆನಪಿದೆ. ಆಸ್ಪತ್ರೆ ಎಷ್ಟೇ ದೊಡ್ಡದಿರಲಿ, ಅಲ್ಲಿಗೆ ಹೋಗುವ ದಾರಿಯಲ್ಲಿ ಉಸಿರು ಉಳಿಯಬೇಕು ಎಂಬುದು ನಮ್ಮಂಥ ಗಡಿಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಂಬುಲೆನ್ಸ್ ಬರುವ ಮೊದಲಿನ ಹತ್ತು ಹದಿನೈದು ನಿಮಿಷ ಇರುವುದು ದಾರಿಹೋಕರ ಕೈಯಲ್ಲಿ. ನಮ್ಮಲ್ಲಿ ಜನ ಓಡಿ ಬರುತ್ತಾರೆ, ಕನಿಕರಕ್ಕೆ ಕೊರತೆಯಿಲ್ಲ. ಆದರೆ ಎಚ್ಚರ ತಪ್ಪಿದವರ ಬಾಯಿಗೆ ನೀರು ಹೊಯ್ಯುತ್ತಾರೆ. ಆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಕೈಕಾಲು ಹಿಡಿದೆತ್ತಿ ರಿಕ್ಷಾದ ಸೀಟಿನಲ್ಲಿ ಗದ್ದ ಎದೆಗೆ ತಾಗುವಂತೆ ಮಡಚಿ ಕೂರಿಸುತ್ತಾರೆ. ಉಸಿರಿನ ದಾರಿ ಅಲ್ಲೇ ಮುಚ್ಚಬಹುದು. ಸಹಾಯ ಮಾಡಿದವರೇ ಪೊಲೀಸ್ ಠಾಣೆಗೆ ಅಲೆಯಬೇಕಾದೀತು ಎಂದು ಹೆದರಿ ದೂರ ನಿಲ್ಲುವವರೂ ಇದ್ದಾರೆ. ಆ ಹೆದರಿಕೆ ಈಗ ಬೇಡ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಸಹಾಯಕರ ರಕ್ಷಣೆಯ ನಿಯಮಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಕಲಮಿನಲ್ಲಿ ಅದು ಸೇರಿದೆ.

ನಮ್ಮ ಜೂನಿಯರ್ ರೆಡ್‌ಕ್ರಾಸ್, ಸ್ಕೌಟ್-ಗೈಡ್ ಮಕ್ಕಳಿಗೆ ಇಷ್ಟನ್ನಾದರೂ ಕಲಿಸೋಣ. ಮೊದಲು ವಾಹನಗಳನ್ನು ತಡೆದು ತಮ್ಮ ಸುರಕ್ಷೆ ನೋಡಿಕೊಳ್ಳುವುದು, ದೊಡ್ಡವರನ್ನು ಕೂಗುವುದು, 108ಕ್ಕೆ ಫೋನ್ ಮಾಡುವುದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದಿರುವುದು. ಬಾಯಲ್ಲಿ ಕಣ್ಣಿಗೆ ಕಾಣುವ ವಸ್ತುವಿದ್ದರೆ ಮಾತ್ರ ತೆಗೆಯುವುದು, ಕಾಣದ್ದಕ್ಕೆ ಬೆರಳು ಹಾಕಿ ತಡಕದಿರುವುದು. ತಲೆ, ಕುತ್ತಿಗೆಯನ್ನು ಅಲುಗಿಸದೆ ದವಡೆಯನ್ನು ಮುಂದಕ್ಕೆ ಎತ್ತಿ ಹಿಡಿಯುವುದು. ಅದರಿಂದ ದಾರಿ ತೆರೆಯದಿದ್ದರೆ ತಲೆಯನ್ನು ನಿಧಾನವಾಗಿ ಹಿಂದಕ್ಕೆ ಬಾಗಿಸಲೇಬೇಕು. ಕುತ್ತಿಗೆಯ ಚಿಂತೆಗಿಂತ ಉಸಿರು ಮೊದಲು. ರಕ್ತ ಅಥವಾ ವಾಂತಿ ಬರುತ್ತಿದ್ದರೆ ತಲೆ, ಕುತ್ತಿಗೆ, ಮೈಯನ್ನು ಒಟ್ಟಿಗೇ ಮಗ್ಗುಲಿಗೆ ತಿರುಗಿಸುವುದು. ಮುಖಕ್ಕೆ ಪೆಟ್ಟಾಗಿ ಎಚ್ಚರವಿರುವವರು ಮುಂದೆ ಬಾಗಿ ಕೂರಲು ಬಯಸಿದರೆ ಬಲವಂತವಾಗಿ ಮಲಗಿಸದಿರುವುದು. ಆದರೆ ಇದನ್ನು ಓದಿ ಕಲಿತರೆ ಸಾಲದು. ಆರೋಗ್ಯ ಕೇಂದ್ರದವರನ್ನೋ ಆಂಬುಲೆನ್ಸ್ ಸಿಬ್ಬಂದಿಯನ್ನೋ ಶಾಲೆಗೆ ಕರೆಸಿ, ಕೈಯಿಂದಲೇ ಮಾಡಿಸಬೇಕು.

ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲವೂ ಇದೆ. ಕನ್ನಡ, ತುಳು, ಮಲಯಾಳ ಮೂರನ್ನೂ ಬಲ್ಲ ಮಗು ಗಾಯಾಳುವಿನ ಮಾತನ್ನು ಆಂಬುಲೆನ್ಸಿನವರಿಗೂ, ಆಂಬುಲೆನ್ಸಿನವರ ಪ್ರಶ್ನೆಯನ್ನು ಮನೆಯವರಿಗೂ ತಿಳಿಸಬಲ್ಲದು. ಎಷ್ಟು ಹೊತ್ತಿಗೆ ಎಚ್ಚರ ತಪ್ಪಿತು, ಉಸಿರಾಟದ ಸದ್ದು ಹೇಗಿತ್ತು, ವಾಂತಿಯಾಯಿತೇ ಎಂಬುದನ್ನು ನೋಡಿಟ್ಟುಕೊಂಡು ಹೇಳುವುದೂ ಚಿಕಿತ್ಸೆಯ ಒಂದು ಭಾಗ.

ಮುಂದಿನ ಶಾಲಾ ಆರೋಗ್ಯ ದಿನದಂದು ಒಂದು ಪೀರಿಯಡ್ ಇದಕ್ಕಾಗಿ ಮೀಸಲಿಡೋಣ ಎಂದು ನಮ್ಮ ಸಹೋದ್ಯೋಗಿ ಬಂಧುಗಳಲ್ಲಿ ವಿನಂತಿ. ನಿಮ್ಮ ಶಾಲೆಯಲ್ಲಿ ಈಗಾಗಲೇ ಮಾಡಿದ್ದರೆ ಹೇಗೆ ಮಾಡಿದಿರಿ ಎಂದು ಬರೆದು ತಿಳಿಸಿ, ಉಳಿದವರಿಗೂ ಉಪಯೋಗವಾದೀತು.